ಸ್ಪಷ್ಟನೆ: ಪೋರ್ಟ್ ಕಾಣದಿದ್ದರೆ ಬೋರ್ಡ್ ಕೆಟ್ಟಿದೆ ಅಂತಲ್ಲ

ಆರ್ಡುಯಿನೊ ತರಹದ ಮೈಕ್ರೋಕಂಟ್ರೋಲರ್ ಬೋರ್ಡ್‌ಗಳ ಬಗ್ಗೆ "ಕಾಮ್ ಪೋರ್ಟ್ ಕಾಣದಿದ್ದರೆ ಬೋರ್ಡ್‌ನ ಯುಎಸ್‌ಬಿ ಚಿಪ್ ಸುಟ್ಟಿದೆ, ಹೊಸದು ಕೊಳ್ಳಿ" ಎಂಬ ಸಂದೇಶ ಹರಿದಾಡುತ್ತಿದೆ. (ಕಾಮ್ ಪೋರ್ಟ್ ಅಂದರೆ ಬೋರ್ಡ್ ಜೋಡಿಸಿದಾಗ ಅದರ ಜೊತೆ ಮಾತಾಡಲು ಕಂಪ್ಯೂಟರ್‌ನಲ್ಲಿ ಕಾಣುವ ಸಂಪರ್ಕ.) ಇದು ಸರಿಯಲ್ಲ. ದಯವಿಟ್ಟು ಸುಮ್ನೆ ಬೋರ್ಡ್ ಎಸೆಯಬೇಡಿ.

ಮೊದಲು ಕೇಬಲ್ ಬದಲಿಸಿ ನೋಡಿ. ಬರೀ ಚಾರ್ಜಿಂಗ್‌ಗೆ ಮಾಡಿದ ಕೇಬಲ್‌ನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಬೋರ್ಡ್‌ನ ಎಲ್‌ಇಡಿ ಉರಿಯುತ್ತದೆ, ಪೋರ್ಟ್ ಮಾತ್ರ ಬರುವುದಿಲ್ಲ.

ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ಜೊತೆ ಚಿಪ್‌ನ ಹೆಸರು ಕಂಡರೆ ಅದು ಒಳ್ಳೆಯ ಸುದ್ದಿಯೇ. ಸಾಮಾನ್ಯವಾಗಿ ಚಿಪ್ ಸರಿಯಿರುತ್ತದೆ, ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಇರುವುದಿಲ್ಲ ಅಷ್ಟೇ. ಯುಎಸ್‌ಬಿ ಚಿಪ್ ಸಿಎಚ್340 ಆದರೆ ಡಬ್ಲ್ಯೂಸಿಎಚ್ ಕಂಪನಿಯ ಡ್ರೈವರ್ ಹಾಕಿ, ಸಿಪಿ2102 ಆದರೆ ಸಿಲಿಕಾನ್ ಲ್ಯಾಬ್ಸ್ ಕಂಪನಿಯದು. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ವಿಂಡೋಸ್ ಬದಲು ಲಿನಕ್ಸ್‌ನ ಉಬುಂಟು 22.04 ಬಳಸುವವರಿಗೆ ಡ್ರೈವರ್ ಮೊದಲೇ ಇದೆ. ಆದರೂ ಸಿಎಚ್340 ಪೋರ್ಟ್ ಬಂದು ಮಾಯವಾದರೆ ಬಿಆರ್‌ಎಲ್‌ಟಿಟಿವೈ ಎಂಬ ಬ್ರೈಲ್ ತಂತ್ರಾಂಶ ಅದನ್ನು ಕಸಿದುಕೊಂಡಿರಬಹುದು. ಬ್ರೈಲ್ ಸಾಧನ ಬಳಸದವರು ಅದನ್ನು ತೆಗೆದುಹಾಕಿ, ಬೋರ್ಡ್ ಮತ್ತೆ ಚುಚ್ಚಿ ನೋಡಿ.