ಚಳಿ ಆಗ್ತಿದ್ರೆ ಹೊರಗೆ ಬನ್ನಿ

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕೆಲಸ ಸಿಕ್ಕಿದೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು. ‘ಪುಣ್ಯವಂತರು ಕಣ್ರೀ, ಅಲ್ಲಿ ಚಳಿಗಾಲವೇ ಇಲ್ಲ.’ ಮೆಲ್ಬರ್ನ್‌ನಲ್ಲಿರುವವರು ಇದನ್ನು ಹೊಟ್ಟೆ ಉರಿದುಕೊಂಡು ಹೇಳುತ್ತಾರೆ. ಕೆನಡಾದಲ್ಲಿರುವವರು ಮೂಗು ಮುರಿದು ಹೇಳುತ್ತಾರೆ. ಅಂಕಿಅಂಶವೂ ಅವರ ಪರವಾಗಿಯೇ ಇದೆ. ಜುಲೈ ಇಲ್ಲಿ ಅತಿ ಚಳಿಯ ತಿಂಗಳು. ಆಗ ಮಧ್ಯಾಹ್ನ ಸುಮಾರು 18 ಡಿಗ್ರಿ, ಬೆಳಗಿನ ಜಾವ 8. ಹಿಮ ಬೀಳುವುದಿಲ್ಲ. ಹೆಚ್ಚುಕಡಿಮೆ ದೆಹಲಿಯ ಜನವರಿ ಅನ್ನಿ. ದೆಹಲಿಯ ಜನವರಿ ಬಹಳ ಹಿತವಾಗಿರುತ್ತದೆ ಅಂತ ಯಾರಾದರೂ ದೆಹಲಿಯವರ ಮುಂದೆ ಹೇಳಿ ನೋಡಿ.

ಅದೂ ಅಲ್ಲದೆ ಈ 18 ಡಿಗ್ರಿ ಎನ್ನುವುದು ಹೊರಗಿನ ಲೆಕ್ಕ. ಹವಾಮಾನ ಇಲಾಖೆಯವರು ನಮ್ಮ ಹಾಲ್‌ನಲ್ಲಿ ಥರ್ಮಾಮೀಟರ್ ಇಟ್ಟಿಲ್ಲ.

ಇಲ್ಲಿ ಮನೆ ಕಟ್ಟುವವರ ಶತ್ರು ಬೇಸಿಗೆ. ತಪ್ಪೇನಿಲ್ಲ, ಜನವರಿ-ಫೆಬ್ರವರಿಯಲ್ಲಿ 40 ಡಿಗ್ರಿ ಮುಟ್ಟುವ ಊರು. ಅದಕ್ಕೇ ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ ಬರೀ ಗಾಳಿ. ನೆಲಕ್ಕೆ ಟೈಲ್ಸ್. ಗೋಡೆಯಗಲ ಕಿಟಕಿ, ಅದಕ್ಕೆ ಒಂದೇ ಪದರದ ಗಾಜು. ನಾವು ಮನೆ ನೋಡಲು ಹೋಗಿದ್ದು ಫೆಬ್ರವರಿಯ ಉರಿಬಿಸಿಲಿನಲ್ಲಿ. ಏಜೆಂಟ್ ಬಾಗಿಲು ತೆರೆದ. ಒಳಗೆ ತಣ್ಣಗಿತ್ತು. ನನ್ನ ಹೆಂಡತಿ ಚಪ್ಪಲಿ ಬಿಟ್ಟು ಟೈಲ್ಸ್ ಮೇಲೆ ನಿಂತು ‘ಆಹಾ’ ಅಂದಳು. ಆ ಆಹಾಕಾರದ ಮೇಲೆಯೇ ವ್ಯವಹಾರ ಮುಗಿಯಿತು.

ಭೂಮಿಯ ಈ ಅರ್ಧದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾದು ಹೋಗುತ್ತಾನೆ. ನಮ್ಮ ಹಾಲ್ ಇರುವುದು ದಕ್ಷಿಣಕ್ಕೆ. ಮೇ ಬಂತೆಂದರೆ ಆ ಕಡೆ ಅವನು ತಲೆ ಹಾಕುವುದಿಲ್ಲ. ದಿನವಿಡೀ ಬಿಸಿಲು ಬೀಳುವುದು ಉತ್ತರಕ್ಕೆ, ಕಾರು ನಿಲ್ಲಿಸುವ ಜಾಗಕ್ಕೆ. ನಮ್ಮ ಮನೆಯಲ್ಲಿ ಚಳಿಗಾಲವನ್ನು ಸುಖವಾಗಿ ಕಳೆಯುವುದು ಕಾರು ಮಾತ್ರ.

ಬೆಳಗ್ಗೆ ಎದ್ದರೆ ಹಾಲ್‌ನಲ್ಲಿ 12 ಡಿಗ್ರಿ. ಹತ್ತು ಗಂಟೆಗೆ ಅಂಗಳದಲ್ಲಿ 17. ಹಾಗಾಗಿ ನಾವು ಸ್ವೆಟರ್ ಹಾಕಿಕೊಳ್ಳುವುದು ಹೊರಗಿಂದ ಒಳಗೆ ಬರುವಾಗ. ಮನೆಗೆ ನೆಂಟರು ಬಂದರೆ ‘ಯಾಕೆ ಹೊರಗೇ ನಿಂತಿರಿ’ ಅನ್ನುವುದು ನಮ್ಮ ಸಂಪ್ರದಾಯ ಅಲ್ವಾ? ಇಲ್ಲಿ ನಾವು ‘ಯಾಕೆ ಒಳಗೆ ಹೋಗ್ತೀರಿ, ಇಲ್ಲೇ ಕೂತ್ಕೊಳ್ಳಿ, ಬಿಸಿಲಿದೆ’ ಅನ್ನುತ್ತೇವೆ.

ಹೀಟರ್ ಇಲ್ವಾ ಅಂತ ಕೇಳಬಹುದು. ಇದೆ. ಹಳೆಯ ಮಾಲೀಕರು ಬಿಟ್ಟು ಹೋದ ಗ್ಯಾಸ್ ಹೀಟರ್. ಅದಕ್ಕೆ ಹೊಗೆ ಹೊರಗೆ ಹೋಗುವ ಕೊಳವೆ ಇಲ್ಲ. ಹಾಗಾಗಿ ಅದನ್ನು ಹಚ್ಚಿದಾಗ ಗಾಳಿಯಾಡಲು ಕಿಟಕಿ ತೆರೆದಿಡಬೇಕು, ಇದು ಸುರಕ್ಷತೆಯ ನಿಯಮ. ಅಂದರೆ ಹೀಟರ್‌ನಿಂದ ಬಂದ ಬಿಸಿಯೆಲ್ಲ ಕಿಟಕಿಯಿಂದ ಹೊರಗೆ, ಹೊರಗಿನ ಚಳಿಯೆಲ್ಲ ಒಳಗೆ, ಬಿಲ್ಲು ಮಾತ್ರ ನೇರವಾಗಿ ನನಗೆ. ಎಸಿಯನ್ನು ಬಿಸಿಗಾಳಿಗೆ ತಿರುಗಿಸಿದರೆ ಅದು ಚಾವಣಿಯನ್ನು ಚೆನ್ನಾಗಿ ಕಾಯಿಸುತ್ತದೆ. ನಾವು ಚಾವಣಿಯಲ್ಲಿ ವಾಸಿಸುವುದಿಲ್ಲ.

ಇಂಥ ಮನೆಗೆ ಜುಲೈನಲ್ಲಿ ಅಮ್ಮ ಬಂದರು. ತೀರ್ಥಹಳ್ಳಿಯ ಮಳೆ ತಪ್ಪಿಸಿಕೊಂಡಂತಾಯಿತು ಅನ್ನುವುದು ಅವರ ಲೆಕ್ಕ. ಇಲ್ಲಿ ಮಳೆ ಬರುವುದೂ ಚಳಿಗಾಲದಲ್ಲೇ ಅಂತ ನಾನು ಫೋನಿನಲ್ಲಿ ಹೇಳಿದ್ದೆ. ಬೇಸಿಗೆಯಲ್ಲಿ ಗಾಳಿಯ ಒತ್ತಡ ಹೆಚ್ಚಿರುವ ಪಟ್ಟಿಯೊಂದು ಅಡ್ಡ ಕೂತು ಮಳೆಯ ಮೋಡಗಳನ್ನು ದಕ್ಷಿಣಕ್ಕೇ ತಡೆಯುತ್ತದೆ, ಚಳಿಗಾಲದಲ್ಲಿ ಅದು ಉತ್ತರಕ್ಕೆ ಸರಿದಾಗ ಪಡುವಣ ಗಾಳಿ ಮಳೆ ಹೊತ್ತು ಒಳಗೆ ನುಗ್ಗುತ್ತದೆ ಅಂತೆಲ್ಲ ವಿವರಿಸಿದ್ದೆ. ಅಮ್ಮ ಎಲ್ಲ ಕೇಳಿಸಿಕೊಂಡು, ‘ಎಂಥ ಮಾರಾಯ, ಹಂಗಾದ್ರೆ ನಾಟಿ ಯಾವಾಗ ಮಾಡ್ತಾರೆ?’ ಅಂದಿದ್ದರು. ಭತ್ತ ಇಲ್ಲಮ್ಮ, ಗೋಧಿ, ಈ ಮಳೆಗೇ ಬೆಳೆಯುತ್ತೆ, ವರ್ಷದ ಕೊನೆಗೆ ಕಟಾವು ಅಂದೆ. ‘ಏನೋ, ಎಲ್ಲ ತಿರುಗುಮುರುಗು’ ಅಂತ ಫೋನ್ ಇಟ್ಟಿದ್ದರು.

ಮಳೆಯ ವಿಷಯದಲ್ಲಿ ಮಲೆನಾಡಿನವರನ್ನು ಹೆದರಿಸಲು ಆಗುವುದಿಲ್ಲ. ಪರ್ತ್‌ನಲ್ಲಿ ವರ್ಷಕ್ಕೆ ಬೀಳುವುದು 700 ಮಿ.ಮೀ. ಮೇಲೆ ಸ್ವಲ್ಪ. ಲಂಡನ್‌ಗಿಂತ ಜಾಸ್ತಿ ಅಂತ ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ನಿಜವೇ. ಆದರೆ ನಮ್ಮ ಪಕ್ಕದ ಆಗುಂಬೆ ವರ್ಷಕ್ಕೆ 7,000 ದಾಟಿಸುವ ಊರು. ಅಮ್ಮ 700 ಅಂದದ್ದನ್ನು ಕೇಳಿ, ‘ವಾರಕ್ಕಾ?’ ಅಂದರು.

ಪ್ರಮಾಣವೇನೋ ಸರಿ, ವರಸೆ ಬೇರೆ. ಊರಿನ ಮಳೆ ಮೇಲಿಂದ ಕೆಳಕ್ಕೆ ಬೀಳುತ್ತದೆ, ಒಮ್ಮೆ ಹಿಡಿದರೆ ಬಿಡುವುದಿಲ್ಲ, ಒಂದು ಮರ್ಯಾದೆ ಇದೆ. ಇಲ್ಲಿನದು ಹಿಂದೂ ಮಹಾಸಾಗರದಿಂದ ಅಡ್ಡಡ್ಡ ಬರುತ್ತದೆ. ಮೊದಲು ವಾಯವ್ಯದಿಂದ ಬೆಚ್ಚಗಿನ ಗಾಳಿ. ಆಮೇಲೆ ಗಾಳಿ ಫಕ್ಕನೆ ನೈರುತ್ಯಕ್ಕೆ ತಿರುಗಿ ಹತ್ತು ನಿಮಿಷ ರಪರಪ, ಒಮ್ಮೊಮ್ಮೆ ಆಲಿಕಲ್ಲು. ಮತ್ತೆ ಬಿಸಿಲು. ಅಮ್ಮ ಊರಿನಿಂದ ಬಾಗಿದ ಹಿಡಿಯ ದೊಡ್ಡ ಕಪ್ಪು ಕೊಡೆ ತಂದಿದ್ದರು, ಅಪ್ಪ ತೋಟಕ್ಕೆ ಹೋಗುವಾಗ ಹಿಡಿಯುತ್ತಿದ್ದದ್ದು. ಸೇಂಟ್ ಜಾರ್ಜಸ್ ಟೆರೇಸ್ ಅಂತ ಪೇಟೆಯ ನಡುವೆ ದೊಡ್ಡ ದೊಡ್ಡ ಆಫೀಸುಗಳ ಬೀದಿ ಇದೆ. ಎರಡೂ ಕಡೆ ಎತ್ತರದ ಕಟ್ಟಡ, ನಡುವೆ ಗಾಳಿಗೆ ರಾಜಮಾರ್ಗ. ಅಲ್ಲಿ ಅಮ್ಮ ಕೊಡೆ ಬಿಚ್ಚಿದರು. ಅರೆಕ್ಷಣದಲ್ಲಿ ಅದು ಮಗುಚಿಕೊಂಡು ಆಕಾಶಕ್ಕೆ ಭಿಕ್ಷಾಪಾತ್ರೆ ಹಿಡಿದಂತಾಯಿತು. ಎಷ್ಟೋ ಮಳೆಗಾಲ ಕಂಡ ಕೊಡೆ. ಕಡ್ಡಿಯೊಂದು ಲಟಕ್ಕನೆ ಮುರಿಯಿತು. ಪಕ್ಕದ ಕಸದಬುಟ್ಟಿಯಲ್ಲಿ ಆಗಲೇ ಇಂಥವೇ ಕೊಡೆಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಸೂಟು ಹಾಕಿದ್ದವನೊಬ್ಬ ತೊಯ್ದು ತೊಪ್ಪೆಯಾಗಿ ನಮ್ಮ ಪಕ್ಕವೇ ಹಾದುಹೋದ. ಹೋಗುತ್ತಾ ನಗುತ್ತಾ, ‘ಮಳೆ ಬೇಕಿತ್ತು ಬಿಡಿ’ ಅಂದ.

ಇದು ಇಲ್ಲಿ ಎಲ್ಲರೂ ಹೇಳುವ ಮಾತು. ಸುಮ್ನೆ ಅಲ್ಲ. 1970ರ ದಶಕದಿಂದೀಚೆಗೆ ಇಲ್ಲಿ ಚಳಿಗಾಲದ ಮಳೆ ಕಡಿಮೆಯಾಗುತ್ತಾ ಬಂದಿದೆ, ಅಣೆಕಟ್ಟೆಗಳಿಗೆ ಹರಿದು ಬರುವ ನೀರು ಇನ್ನೂ ಜೋರಾಗಿ ಇಳಿದಿದೆ. 2006ರಲ್ಲಿ ಪರ್ತ್‌ನ ದಕ್ಷಿಣಕ್ಕಿರುವ ಕ್ವಿನಾನಾದಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಶುರು ಮಾಡಿದರು. ನಮ್ಮ ಕಾಫಿಯಲ್ಲಿ ಅರಬ್ಬೀ ಸಮುದ್ರದ ನೆಂಟರೂ ಇರುತ್ತಾರೆ. ಆದ್ದರಿಂದ ಯಾರ ತಲೆಯ ಮೇಲೆ ಎಷ್ಟು ಸುರಿದರೂ ಮಳೆಯನ್ನು ಬೈಯುವಂತಿಲ್ಲ.

ಅಡುಗೆಮನೆಯ ಚಳಿ ಬೇರೆಯೇ ಕಥೆ. ಕೊಬ್ಬರಿ ಎಣ್ಣೆ ಮೇ ತಿಂಗಳಲ್ಲಿ ಕಲ್ಲಾದರೆ ಕರಗುವುದು ದೀಪಾವಳಿ ಹತ್ತಿರ ಬಂದಾಗ. ಊರಿಂದ ತಂದ ಬಾಟಲಿಗೆ ಸಣ್ಣ ಬಾಯಿ. ಮಗಳು ಶಾಲೆಗೆ ಹೊರಟು ತಲೆ ಕೆದರಿಕೊಂಡು ನಿಂತಿದ್ದರೆ, ನಾನು ಬಾಟಲಿಯೊಳಗೆ ಹಂಚಿಕಡ್ಡಿ ತೂರಿಸಿ ಬಾವಿ ತೋಡುತ್ತಿರುತ್ತೇನೆ. ಎಣ್ಣೆ ಹೋಗಲಿ, ದೋಸೆ ಹಿಟ್ಟಿನದು ದೊಡ್ಡ ಕಷ್ಟ. ರುಬ್ಬಿಟ್ಟು ಮರುದಿನ ನೋಡಿದರೆ ಹೇಗಿತ್ತೋ ಹಾಗೇ ಇರುತ್ತದೆ. ಹುಳಿ ಇಲ್ಲ, ಒಂದು ಗುಳ್ಳೆ ಇಲ್ಲ. ಅಮ್ಮ ಕಂಬಳಿ ಹೊದೆಸಿದರು. ಓವನ್‌ನ ದೀಪ ಹಾಕಿ ಒಳಗಿಟ್ಟರು. ಕೊನೆಗೆ ಹೊಳೆದದ್ದು ಕಾರು. ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನಷ್ಟು ಬೆಚ್ಚಗಿನ ಜಾಗ ಚಳಿಗಾಲದ ಪರ್ತ್‌ನಲ್ಲಿ ಇನ್ನೊಂದಿಲ್ಲ. ಹಿಂದಿನ ಸೀಟಿನ ಕೆಳಗೆ, ಟವೆಲ್ ಸುತ್ತಿ, ದೊಡ್ಡ ಸ್ಟೀಲ್ ಡಬ್ಬಿ ಇಟ್ಟರು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು.

ನಾನು ಮಗಳನ್ನು ಈಜು ತರಗತಿಗೆ ಬಿಡಲು ಹೊರಟೆ. ಇಲ್ಲಿ ಬಡಾವಣೆಗಳ ತುಂಬ ವೃತ್ತಗಳು. ಮೊದಲ ವೃತ್ತದಲ್ಲಿ ಹಿಂದೆ ಏನೋ ಗಡಗಡ ಅಂತು. ಎರಡನೆಯದರಲ್ಲಿ ಠಣ್ ಅಂತು. ಮೂರನೆಯದರಲ್ಲಿ ಮಗಳು ತಣ್ಣಗೆ, ‘ಅಪ್ಪಾ, ಬಿಳೀದು ಏನೋ ಬರ್ತಿದೆ’ ಅಂದಳು. ಹಿಟ್ಟು ಚೆನ್ನಾಗಿಯೇ ಉಬ್ಬಿತ್ತು ಅನ್ನುವುದನ್ನು ಒಪ್ಪಿಕೊಳ್ಳಲೇಬೇಕು. ಮ್ಯಾಟ್ ದಾಟಿ, ಸೀಟು ಹಿಂದೆ ಮುಂದೆ ಸರಿಯುವ ಹಳಿಯೊಳಗೆ ಇಳಿದು, ಬೆಲ್ಟಿನ ಬಕಲ್ಲಿನ ಸಂದಿಯವರೆಗೂ ಹೋಗಿತ್ತು. ತೊಳೆದದ್ದಾಯಿತು. ಆದರೆ ಒಣಗಬೇಕಲ್ಲ? ಕಿಟಕಿ ತೆರೆದಿಟ್ಟರೆ ಮಳೆ, ಮುಚ್ಚಿಟ್ಟರೆ ಹುಳಿ. ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್ ಮೂಗು ಅರಳಿಸಿ, ‘ಬಿಯರ್ ಚೆಲ್ಲಿದ್ರಾ?’ ಅಂತ ಮೆಲ್ಲಗೆ ಕೇಳಿದ. ನಾನು ಹೌದು ಅಂದೆ. ಉದ್ದು ಅಕ್ಕಿಯಿಂದ ಶುರು ಮಾಡುವಷ್ಟು ವ್ಯವಧಾನ ನನಗಿರಲಿಲ್ಲ. ತಪ್ಪು ಯಾರದು ಎಂಬ ವಿಚಾರಣೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಬಟ್ಟೆ ಒಣಗುವ ಸಂಕಟ ಹೇಳುವಂತಿಲ್ಲ. ಊರಿನಲ್ಲಿ ಬಚ್ಚಲ ಒಲೆಯ ಮೇಲೆ ಗಳ ಕಟ್ಟಿರುತ್ತದೆ. ಅಮ್ಮ ಇಲ್ಲಿ ಗಳ ಎಲ್ಲಿ ಕಟ್ಟಲಿ ಅಂತ ಗೋಡೆ ಗೋಡೆ ತಡಕಿ, ಕೊನೆಗೆ ಡ್ರೈಯರ್ ಮುಂದೆ ಮಣೆ ಹಾಕಿಕೊಂಡು ಕೂತರು. ಅದು ಬಿಸಿಗಾಳಿ ಬಿಡುತ್ತದಲ್ಲ! ಒಣಗಿದ ಬಟ್ಟೆಗಳನ್ನೇ ಮತ್ತೊಮ್ಮೆ ಒಳಗೆ ಹಾಕುತ್ತಿದ್ದರು.

ಈ ನೆಲದ ಮೂಲನಿವಾಸಿ ನೂಂಗಾರ್ ಜನರಿಗೆ ವರ್ಷಕ್ಕೆ ಆರು ಋತು. ಜೂನ್-ಜುಲೈನ ಚಳಿ ಮಳೆಯ ಕಾಲ ಮಕುರು. ಆಗ ಅವರು ಕಡಲತೀರ ಬಿಟ್ಟು ಒಳನಾಡಿಗೆ ಹೋಗುತ್ತಿದ್ದರು. ಬುದ್ಧಿವಂತರು. ನಾವು ಸಾಲ ಮಾಡಿ ಕಡಲ ಹತ್ತಿರ ಮನೆ ತೆಗೆದುಕೊಂಡವರು. ಬಿರುಗಾಳಿಯ ಎಚ್ಚರಿಕೆ ಬಂದಾಗಲೆಲ್ಲ ಟ್ರ್ಯಾಂಪೊಲಿನ್ ಕಟ್ಟಿಹಾಕಿ ಅನ್ನುತ್ತಾರೆ. ನಮ್ಮಲ್ಲಿ ಅದು ಇಲ್ಲ ಅಂತ ನಿಶ್ಚಿಂತೆಯಿಂದ ಮಲಗಿದ್ದೆವು. ಬೆಳಗ್ಗೆ ಎದ್ದರೆ ಇತ್ತು. ಯಾರದೋ. ಕರಿಬೇವಿನ ಗಿಡದ ಮೇಲೆ.

ಪಕ್ಕದ ಮನೆಯ ಅಜ್ಜನಿಗೆ ಮಾತ್ರ ಇದ್ಯಾವುದೂ ತಟ್ಟುವುದಿಲ್ಲ. ಮೇಲೆ ಉಣ್ಣೆಯ ಸ್ವೆಟರ್, ಕೆಳಗೆ ಚಡ್ಡಿ, ಹವಾಯಿ ಚಪ್ಪಲಿ. ಅವರ ಚಿಂತೆಯೆಲ್ಲ ಹುಲ್ಲುಹಾಸಿನದು. ಜೂನ್ 1ರಿಂದ ಆಗಸ್ಟ್ 31ರವರೆಗೆ ಪರ್ತ್‌ನಲ್ಲಿ ಸ್ಪ್ರಿಂಕ್ಲರ್ ಹಾಕುವಂತಿಲ್ಲ. ಮಳೆ ಇದೆಯಲ್ಲ, ನೀರು ಉಳಿಯಲಿ ಅಂತ. ಇವರು ಗಡುವು ಮುಗಿದ ಮರುದಿನ ಬೆಳಗ್ಗೆ ತಾನಾಗಿ ಶುರುವಾಗುವಂತೆ ಟೈಮರ್ ಹಾಕಿಟ್ಟಿದ್ದರು. ಸೆಪ್ಟೆಂಬರ್ 1ರ ಬೆಳಗ್ಗೆ ಸರಿಯಾಗಿ ಮಳೆ. ಅದರಲ್ಲೇ ಸ್ಪ್ರಿಂಕ್ಲರ್ ಚಿಮ್ಮಿತು. ಅಜ್ಜ ಚಡ್ಡಿಯಲ್ಲಿ ಓಡಿ ಬಂದು ಗೋಡೆಯ ಪೆಟ್ಟಿಗೆ ತೆರೆದು ಒಂದೊಂದೇ ಗುಂಡಿ ಒತ್ತತೊಡಗಿದರು. ಒತ್ತಿದಷ್ಟೂ ಹೊಸ ಹೊಸ ಮೂಲೆಯಿಂದ ನೀರು ಏಳುತ್ತಿತ್ತು.

ಅಮ್ಮನಿಗೆ ತಡೆಯಲಿಲ್ಲ. ‘ಪಾಪ, ಕೊಡೆ ಬೇಕಾ ಕೇಳೋ’ ಅಂದರು. ಕೇಳಿದೆ. ಅಜ್ಜ ಆಕಾಶದ ಕಡೆ ಕೈ ತೋರಿಸಿ, ಬೇಡ, ಐದು ನಿಮಿಷದಲ್ಲಿ ನಿಲ್ಲುತ್ತೆ ಅಂದರು. ಮಳೆ ನಿಂತಿತು. ಸ್ಪ್ರಿಂಕ್ಲರ್ ನಿಲ್ಲಲಿಲ್ಲ.