ಎರಡು ಖಡಕ್ ರೊಟ್ಟಿಯಷ್ಟು ಎತ್ತರ

ನನ್ನ ಎತ್ತರ ಐದು ಅಡಿ ಮೂರು ಇಂಚು. ಆಧಾರ್ ಕಾರ್ಡಿನಲ್ಲಿ ಎತ್ತರ ಬರೆಯುವುದಿಲ್ಲ. ಸರ್ಕಾರದಿಂದ ನನಗೆ ಆಗಿರುವ ದೊಡ್ಡ ಉಪಕಾರ ಅದು. ಮದುವೆಯ ಫೋಟೋದಲ್ಲಿ ನನ್ನ ಕಾಲ ಕೆಳಗೆ ಒಂದು ಮಣೆ ಇತ್ತು ಅನ್ನುವುದು ನನಗೆ, ಫೋಟೋ ತೆಗೆದವನಿಗೆ ಮತ್ತು ಹೆಂಡತಿ ಕಡೆಯ ಸುಮಾರು ಇನ್ನೂರು ಜನಕ್ಕೆ ಮಾತ್ರ ಗೊತ್ತು.

ಇಷ್ಟು ವರ್ಷ ಅಪ್ಪ ಕೊಟ್ಟ ಸ್ಪ್ಲೆಂಡರ್ ಮೇಲೆ ಕಲಬುರಗಿ ಸುತ್ತಿದೆ. ಎತ್ತರದ ಮಾತೇ ಬರಲಿಲ್ಲ. ಆದರೆ ನಲವತ್ತು ಹತ್ತಿರ ಬಂದಾಗ ಗಂಡಸರಿಗೆ ಏನೋ ಆಗುತ್ತದೆ. ಕೆಲವರು ಜಿಮ್ಮಿಗೆ ಹೋಗುತ್ತಾರೆ, ಕೆಲವರು ಪ್ಲಾಟ್ ಹಿಡಿಯುತ್ತಾರೆ. ನನಗೆ ದೊಡ್ಡ ಗಾಡಿ ಬೇಕು ಅನ್ನಿಸಿತು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹುಮನಾಬಾದ್ ದಾಟಿ ಬಸವಕಲ್ಯಾಣಕ್ಕೆ ಹೋಗಬೇಕು, ಅಲ್ಲಿ 108 ಅಡಿಯ ಬಸವಣ್ಣನ ಮೂರ್ತಿ ಮುಂದೆ ಗಾಡಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳಬೇಕು. ಜಾಗವನ್ನು ಸುಮ್ನೆ ಆರಿಸಿದ್ದಲ್ಲ. 108 ಅಡಿಯ ಮುಂದೆ ಆರು ಅಡಿಯವನೂ ಒಂದೇ, ನಾನೂ ಒಂದೇ.

ಅಷ್ಟರಲ್ಲಿ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಎಂಜಿನ್ನಿಗೆ ಶೇ 40. ಅಂದರೆ 349 ಸಿಸಿ ಗಾಡಿ ಕೊಂಡವನು ಜಾಣ. "ನೋಡು, ಸರ್ಕಾರವೇ ತಗೋ ಅಂತದೆ" ಅಂದೆ.

"ಸರ್ಕಾರ ಮನಿ ಮುಂದ ಗಿಡ ಹಚ್ಚು ಅಂತನೂ ಹೇಳ್ತದ. ಅದು ಕೇಳ್ಸಿಲ್ಲೇನು ನಿಮಗ?" ಅಂದಳು ಹೆಂಡತಿ.

ಗಿಡ ಹಚ್ಚಲಿಲ್ಲ. ಜನವರಿಯಲ್ಲಿ ಗೆಳೆಯನ ಅಡ್ವೆಂಚರ್ ಗಾಡಿಯನ್ನು ಒಂದು ಸುತ್ತು ಕೇಳಿ ಪಡೆದೆ. ಸೀಟಿನ ಎತ್ತರ 825 ಮಿಲಿಮೀಟರ್, ತೂಕ 196 ಕೆಜಿ. ಗಂಜಿನ, ಅಂದರೆ ನಮ್ಮ ಕಾಳಿನ ಪೇಟೆಯ, ಭಾಷೆಯಲ್ಲಿ ಹೇಳುವುದಾದರೆ ಎರಡು ಕ್ವಿಂಟಾಲಿಗೆ ನಾಲ್ಕು ಕೆಜಿ ಕಮ್ಮಿ. ಕಟ್ಟೆಯ ಪಕ್ಕ ನಿಲ್ಲಿಸಿಕೊಂಡು ಹತ್ತಿದೆ. ಹೊರಟ ಮೇಲೆ ಏನೂ ತೊಂದರೆ ಇಲ್ಲ. ಓಡುವ ಗಾಡಿಗೆ ಸವಾರನ ಎತ್ತರ ಗೊತ್ತಾಗುವುದಿಲ್ಲ. ನಿಂತಾಗ ಮಾತ್ರ ಲೆಕ್ಕ ಕೇಳುತ್ತದೆ.

ನೆಹರು ಗಂಜಿನಲ್ಲಿ ಕೇಳಿತು. ತೊಗರಿ ಆವಕದ ದಿನಗಳು. ಚೀಲ ತುಂಬಿದ ಲಾರಿಯೊಂದು ಅಡ್ಡ ಬಂತು. ನಾನು ಬಲಕ್ಕೆ ತಿರುಗುತ್ತಿದ್ದೆ, ಗಾಬರಿಯಲ್ಲಿ ಮುಂದಿನ ಬ್ರೇಕ್ ಗಪ್ಪನೆ ಹಿಡಿದೆ. ನಿಧಾನವಾಗಿ ಹೋಗುವಾಗ ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ತಿರುಗಿದ ಕಡೆಗೇ ಒರಗುತ್ತದೆ ಅಂತ ಆಮೇಲೆ ಕಲಿತೆ. ಬಲಗಾಲು ಕೆಳಗಿಟ್ಟೆ. ಕಾಲು ಅಂದರೆ ಹೆಬ್ಬೆರಳು. ಹೆಬ್ಬೆರಳ ಕೆಳಗೆ ಚೆಲ್ಲಿದ ತೊಗರಿ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಗುರುತು, ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಆದರೆ ಬೇಳೆ ಆಗುವ ಮೊದಲು ಅದು ಗುಂಡಗೆ ಇರುತ್ತದೆ ಅನ್ನುವುದನ್ನು ಯಾರೂ ಒತ್ತಿ ಹೇಳುವುದಿಲ್ಲ.

ಗಾಡಿ ಬಿತ್ತು ಅನ್ನಲಾರೆ. ಮಲಗಿತು. ಉಂಡಾದ ಮೇಲೆ ಅಜ್ಜ ಗೋಡೆಗೆ ಒರಗಿ ಹಾಗೇ ಜಾರುತ್ತಾನಲ್ಲ, ಅಷ್ಟು ಸಾವಕಾಶ. ನಾನೂ ಜೊತೆಗೆ ಮಲಗಿದೆ. ಆಟೋದವನೊಬ್ಬ ತಲೆ ಹೊರಗೆ ಹಾಕಿ, "ಏನ್ರಿ ಸರ್, ನಿದ್ದಿ ಬಂತೇನು?" ಅಂದ.

ಎದ್ದು, ಹ್ಯಾಂಡಲ್ ಹಿಡಿದು ಜಗ್ಗಿದೆ. ಗಾಡಿ ಅಲ್ಲಾಡಲಿಲ್ಲ, ಸೊಂಟ ಅಲ್ಲಾಡಿತು. ಆಗ ಒಬ್ಬ ವಯಸ್ಸಾದ ಹಮಾಲರು ಹೆಗಲ ಮೇಲಿನ ಚೀಲ ಇಳಿಸಿ ಬಂದರು. "ತಮ್ಮಾ, ಕೈಲೆ ಎತ್ತಬ್ಯಾಡ. ಬೆನ್ನು ಕೊಡು. ಮೊದಲ ಆ ಕಡಿ ಸ್ಟ್ಯಾಂಡ್ ಬಿಡು, ಇಲ್ಲಾಂದ್ರ ಎತ್ತಿದ ಗಾಡಿ ಅತ್ತ ಬೀಳ್ತದ." ಹ್ಯಾಂಡಲ್ ಪೂರ್ತಿ ತಿರುಗಿಸಿದರು. ಸೀಟಿಗೆ ಬೆನ್ನು ಆನಿಸಿ ಕುಕ್ಕರು ಕೂತರು. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಹಿಂದಿನ ಹಿಡಿಕೆ ಮೇಲೆ. ಹಿಂದಕ್ಕೆ ನಾಲ್ಕು ಸಣ್ಣ ಹೆಜ್ಜೆ. ಗಾಡಿ ಎದ್ದು ನಿಂತಿತು. ಅವರೂ ನನ್ನಷ್ಟೇ ಎತ್ತರ ಇದ್ದರು. ಚಹಾ ಕುಡಿಸಲು ಹೋದರೆ, "ನಿಂದೇ ಕೈ ನಡುಗ್ಲಾಕತ್ತಾವ, ನೀ ಕುಡಿ" ಅಂದು ಚೀಲ ಹೊತ್ತು ಹೋದರು.

ಮನೆಗೆ ಬಂದ ಮೇಲೆ ಮಗಳು ವಿಷಯವನ್ನು ಕೈಗೆ ತೆಗೆದುಕೊಂಡಳು. ಏಳನೇ ಕ್ಲಾಸು. ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಸಮಾಜ ವಿಜ್ಞಾನದ ಪುಸ್ತಕವನ್ನು ಎರಡು ಕಾಲ ನಡುವೆ ಮೇಲಕ್ಕೆ ಒತ್ತಿ ಹಿಡಿಯಲು ಹೇಳಿ, ಅಲ್ಲಿಂದ ನೆಲದವರೆಗೆ ಟೇಪು ಹಿಡಿದಳು. ಕಾಲಿನ ಒಳ ಅಳತೆ ಅಂದರೆ ಇದೇ. ಒಟ್ಟು ಎತ್ತರಕ್ಕಿಂತ ಗಾಡಿಗೆ ಇದೇ ಮುಖ್ಯ, ಅಲ್ವಾ? ಒಂದೇ ಎತ್ತರದ ಇಬ್ಬರಲ್ಲಿ ಒಬ್ಬನದು ಉದ್ದ ಬೆನ್ನು, ಇನ್ನೊಬ್ಬನದು ಉದ್ದ ಕಾಲು. ನನ್ನದು ಬೆನ್ನೇ ಉದ್ದ. ಕುರ್ಚಿಯಲ್ಲಿ ಕೂತಾಗ ಸಾಹೇಬನ ಹಾಗೆ ಕಾಣುತ್ತೇನೆ, ಎದ್ದಾಗ ಜನಕ್ಕೆ ಬೇಜಾರಾಗುತ್ತದೆ.

29 ಇಂಚು ಬಂತು, ಅಂದರೆ 737 ಮಿಲಿಮೀಟರ್. ಮಗಳು ಮೊಬೈಲಿನಲ್ಲಿ ಒಂದೊಂದು ಗಾಡಿಯ ಸೀಟಿನ ಎತ್ತರ ನೋಡಿ ಓದಿದಳು. ಬುಲೆಟ್ 350, 805. ಹಂಟರ್, 790. ಮೀಟಿಯೋರ್, 765. ಅವೆಂಜರ್ 220, ಸರಿಯಾಗಿ 737. "ಪಪ್ಪಾ, ಇದು ನಿಮ್ಮ ಸಲುವಾಗೇ ಮಾಡ್ಯಾರ!" ಕೊನೆಗೆ ಸುಮ್ನೆ ಇರಲಿ ಅಂತ ನಮ್ಮ ಸ್ಪ್ಲೆಂಡರ್ ನೋಡಿದಳು. 785.

ಮನೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಹಂಟರ್‌ಗೂ ನಾನು ದಿನಾ ಓಡಿಸುವ ಗಾಡಿಗೂ ಬರೀ ಐದು ಮಿಲಿಮೀಟರ್ ವ್ಯತ್ಯಾಸ. ಎರಡು ಖಡಕ್ ರೊಟ್ಟಿ ಒಂದರ ಮೇಲೊಂದು ಇಟ್ಟಷ್ಟು.

ಮಾರನೇ ದಿನವೇ ಶೋರೂಮಿಗೆ ಹೋದೆವು. ಹಂಟರ್ ಹತ್ತಿ ಕೂತೆ. ಎರಡೂ ಕಡೆ ಬೆರಳ ತುದಿ ಮಾತ್ರ ನೆಲಕ್ಕೆ ತಾಕಿತು. "ಮುಟ್ಟುತ್ತೆ ಸರ್, ಆರಾಮಾಗಿ ಮುಟ್ಟುತ್ತೆ" ಅಂದ ಸೇಲ್ಸ್ ಹುಡುಗ, ಹಿಂದಿನಿಂದ ಗಾಡಿ ಬಿಗಿಯಾಗಿ ಹಿಡಿದುಕೊಂಡು. ಹೆಂಡತಿ ಒಂದು ಸುತ್ತು ಬಂದು ನೋಡಿದಳು. "ರೀ, ನೀವು ಕೂತಿಲ್ಲ. ಜೋತು ಬಿದ್ದೀರಿ."

ಎರಡು ರೊಟ್ಟಿಯಷ್ಟಕ್ಕೆ ಇಷ್ಟೊಂದು ಫರಕು ಹೇಗೆ? ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ. ಉತ್ತರ ಹೊಳೆದದ್ದು ನಮ್ಮೂರ ಎಮ್ಮೆಯಿಂದ. ಚಿಕ್ಕಂದಿನಲ್ಲಿ ಹಳ್ಳದಲ್ಲಿ ಎಮ್ಮೆ ಮೇಲೆ ಕೂರುತ್ತಿದ್ದೆವು. ಎಮ್ಮೆ ಎತ್ತರವೇನಲ್ಲ, ಆದರೆ ಕೂತರೆ ಕಾಲು ಕೆಳಗೆ ಇಳಿಯುವುದೇ ಇಲ್ಲ, ಆಚೆ ಈಚೆ ಚಾಚಿಕೊಳ್ಳುತ್ತವೆ. ಬೆನ್ನು ಅಗಲ. ದೊಡ್ಡ ಗಾಡಿಯ ಸೀಟೂ ಹಾಗೇ, ಟ್ಯಾಂಕಿನ ಹತ್ತಿರವೇ ಅಗಲ. ಸ್ಪ್ಲೆಂಡರ್ ಸೀಟು ಸಪೂರ. ಮೇಲಾಗಿ ಅದು 112 ಕೆಜಿ, ಇದು 181. ಸ್ಪ್ಲೆಂಡರ್ ವಾಲಿದರೆ ತೊಡೆಯಿಂದ ತಡೆಯಬಹುದು. ಇದು ವಾಲಿದರೆ ಹಮಾಲರನ್ನು ಕರೆಯಬೇಕು. ಕಂಪನಿಯ ಪಟ್ಟಿಯಲ್ಲಿ ಎತ್ತರ ಇರುತ್ತದೆ, ತೂಕ ಇರುತ್ತದೆ. ಸೀಟಿನ ಅಗಲ ಎಲ್ಲೂ ಇರುವುದಿಲ್ಲ. ಅದನ್ನು ಕೂತೇ ಓದಬೇಕು.

737ರ ಅವೆಂಜರನ್ನೂ ನೋಡದೆ ಬಿಡಲಿಲ್ಲ. ಎರಡೂ ಪಾದ ಪೂರ್ತಿ ಊರಿದವು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಮೇಲೆ ಕಾಲೆತ್ತಿ ಫುಟ್‌ರೆಸ್ಟ್ ಹುಡುಕಿದೆ. ಅದು ಮುಂದೆಲ್ಲೋ ಇತ್ತು. ಹ್ಯಾಂಡಲ್ ತಿರುಗಿಸಿದರೆ ಆಚೆಯ ಕೈ ಪೂರ್ತಿ ಚಾಚಬೇಕು. ನೆಲ ಸಿಕ್ಕಿತು, ಉಳಿದದ್ದು ಸಿಗಲಿಲ್ಲ. ಗಾಡಿಯ ತಪ್ಪಲ್ಲ, ಗಿಡ್ಡವನಿಗೆ ಕಾಲೊಂದೇ ಗಿಡ್ಡ ಅಂದುಕೊಂಡಿದ್ದು ನನ್ನ ತಪ್ಪು.

ಮೆಕ್ಯಾನಿಕ್ ಒಬ್ಬ, "ಯಾವುದಾದ್ರೂ ತಗೋರಿ, ಶಾಕ್ ಅಬ್ಸಾರ್ಬರ್ ಇಳಿಸಿ ಕೊಡ್ತೀನಿ" ಅಂದ. ನಮ್ಮ ಗಲ್ಲಿಯ ಹಂಪುಗಳನ್ನು ನೆನೆಸಿಕೊಂಡೆ. ಒಬ್ಬೊಬ್ಬರು ತಮ್ಮ ಮನೆ ಮುಂದೆ ತಾವೇ ಕಟ್ಟಿಸಿದವು, ಒಂದೊಂದೂ ಸಮಾಧಿಯಷ್ಟು ಎತ್ತರ. ಶಾಕ್ ಇಳಿದರೆ ಗಾಡಿಯ ಹೊಟ್ಟೆಯೂ ಇಳಿಯುತ್ತದೆ. ಬೇಡ ಅಂದೆ.

ಕೊನೆಗೆ ದಾರಿ ತೋರಿಸಿದ್ದು ಪಕ್ಕದ ಮನೆಯ ಹುಡುಗಿ. ಕಾಲೇಜು ಓದುತ್ತಾಳೆ, ನನಗಿಂತ ಎರಡು ಇಂಚು ಕಮ್ಮಿ, ಓಡಿಸುವುದು ಅವರಣ್ಣನ ಬುಲೆಟ್. "ಕಾಕಾ, ಎರಡೂ ಕಾಲು ಊರ್ಲಾಕ ಯಾಕ ಒದ್ದಾಡ್ತೀರಿ? ಒಂದು ಸಾಕು. ನಿಲ್ಲೋ ಹೊತ್ತಿಗೆ ಸೊಂಟ ಸ್ವಲ್ಪ ಎಡಕ್ಕ ಸರಸ್ರಿ, ಎಡಗಾಲು ಪೂರ್ತಿ ಊರ್ರಿ, ಬಲಗಾಲು ಬ್ರೇಕ್ ಮ್ಯಾಲೇ ಇರ್ಲಿ. ಹ್ಯಾಂಡಲ್ ನೆಟ್ಟಗ ಇದ್ದಾಗಷ್ಟೇ ನಿಲ್ರಿ." ಕಾಲೋನಿಯ ಖಾಲಿ ಪ್ಲಾಟಿನಲ್ಲಿ ಎರಡು ಭಾನುವಾರ ಪಾಠ ಆಯಿತು. ಅವಳ ತಾಯಿ ಕಿಟಕಿಯಿಂದ ನೋಡುತ್ತಾ ಉಪ್ಪಿಟ್ಟು ಕಲಸುತ್ತಿದ್ದರು. ಹತ್ತು ವರ್ಷದವನಿದ್ದಾಗ ದೊಡ್ಡವರ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಓಡಿಸುತ್ತಿದ್ದೆ. ಆಗ ನೆಲ ಎಲ್ಲಿದೆ ಅಂತಲೇ ಕೇಳುತ್ತಿರಲಿಲ್ಲ. ಆ ಧೈರ್ಯ ಯಾವಾಗ ಹೋಯಿತೋ.

ಹಂಟರ್ ತಗೊಂಡೆ. ಸೀಟಿನ ಮುಂಭಾಗದ ಎರಡೂ ಅಂಚಿನ ಸ್ಪಂಜು ಮಾತ್ರ ಸ್ವಲ್ಪ ಕೊಯ್ಯಿಸಿದೆ. ಎಮ್ಮೆ ಒಂಚೂರು ಬಡವಾಯಿತು. ಅದಕ್ಕೇ ನಿಲ್ಲಿಸಬೇಕಿತ್ತು. ಇನ್ನೊಂದು ರೊಟ್ಟಿಯಷ್ಟು ಗಳಿಸೋಣ ಅಂತ ಬೂಟಿಗೆ ದಪ್ಪ ಸೋಲ್ ಹಚ್ಚಿಸಿದೆ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರು ಮುಂದಕ್ಕೆ ತುಳಿದರೆ ಏರುತ್ತವೆ. ಇದರಲ್ಲಿ ಒಂದು ಕೆಳಕ್ಕೆ, ಉಳಿದವು ಬೆರಳಿಂದ ಮೇಲಕ್ಕೆ ಎತ್ತಬೇಕು. ದಪ್ಪ ಬೂಟು ಗೇರಿನ ಕಡ್ಡಿಯ ಕೆಳಗೆ ಹೋಗಲೇ ಇಲ್ಲ. ಜಗತ್ ಸರ್ಕಲ್ಲಿನಿಂದ ಮನೆಯವರೆಗೆ ಒಂದನೇ ಗೇರಿನಲ್ಲೇ ಬಂದೆ. ಹಿಂದೆ ಸೈಕಲ್ಲಿನವನು ಬೆಲ್ಲು ಹೊಡೆಯುತ್ತಿದ್ದ. ಸೋಲ್ ಕೀಳಿಸಿದ ಮೇಲೂ ಹಳೇ ಅಭ್ಯಾಸ ಬಿಡಲಿಲ್ಲ. ಮೂರನೇ ಗೇರಿನಿಂದ ನಾಲ್ಕಕ್ಕೆ ಅಂತ ತುಳಿದರೆ ಎರಡಕ್ಕೆ ಬೀಳುತ್ತದೆ, ಗಾಡಿ ಗಕ್ಕನೆ ಹಿಡಿಯುತ್ತದೆ, ಹೆಂಡತಿಯ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಟಕ್ ಅನ್ನುತ್ತದೆ. ಬಸವಕಲ್ಯಾಣ ಮುಟ್ಟುವ ಹೊತ್ತಿಗೆ ಎಷ್ಟು ಟಕ್ ಆದವು ಅಂತ ಅವಳು ಲೆಕ್ಕ ಇಟ್ಟಿದ್ದಾಳೆ.

ಈಗ ಉಳಿದಿರುವ ತೊಂದರೆ ಒಂದೇ, ಪಾರ್ಕಿಂಗ್. ಸೂಪರ್ ಮಾರ್ಕೆಟ್ ಹತ್ತಿರ ನಾನು ಮಿರ್ಚಿ ತಿನ್ನುವ ಬಂಡಿಯ ಪಕ್ಕ ರಸ್ತೆ ಚರಂಡಿ ಕಡೆಗೆ ಇಳಿಜಾರು. ಮುಂಗಾಲಿ ತಗ್ಗಿಗೆ ಮಾಡಿ ನಿಲ್ಲಿಸಿದರೆ, ಬೆರಳ ತುದಿಯಲ್ಲಿ ಒದ್ದು 181 ಕೆಜಿಯನ್ನು ಹಿಂದಕ್ಕೆ ಏರಿಸಲು ಆಗುವುದಿಲ್ಲ. ಮೊದಲ ಸಲ ಅರ್ಧ ಗಂಟೆ ಒದ್ದಾಡಿದೆ. ಬಂಡಿಯ ಹುಡುಗ ನೋಡಿ ನೋಡಿ ಬಂದು ಜಗ್ಗಿ ಕೊಟ್ಟ. ಈಗ ನನ್ನನ್ನು ಕಂಡರೆ ಅವನು ಏನೂ ಕೇಳುವುದಿಲ್ಲ. ಎರಡು ಮಿರ್ಚಿ ಎಣ್ಣೆಗೆ ಬಿಟ್ಟು, ಕೈ ಒರೆಸಿಕೊಂಡು ಬಂದು, ಗಾಡಿಯ ಮುಖ ರಸ್ತೆ ಕಡೆಗೆ ತಿರುಗಿಸಿ ಇಟ್ಟು ಹೋಗುತ್ತಾನೆ.