ಲೋ ಲೋ ಲೋ ಎನ್ನುವ ರಾಷ್ಟ್ರಗೀತೆ

ಫುಟ್‌ಬಾಲ್ ಪಂದ್ಯ ಶುರುವಾಗುವ ಮೊದಲು ಸ್ಪೇನ್ ಆಟಗಾರರ ಬಾಯಿ ನೋಡಿದ್ದೀರಾ? ಎದುರಾಳಿಗಳು ಕತ್ತಿನ ನರ ಉಬ್ಬಿಸಿಕೊಂಡು ರಾಷ್ಟ್ರಗೀತೆ ಹಾಡುತ್ತಿದ್ದರೆ, ಇವರು ಓದದೇ ಪರೀಕ್ಷೆಗೆ ಬಂದ ಹುಡುಗರ ಹಾಗೆ ತುಟಿ ಬಿಗಿದು ನಿಂತಿರುತ್ತಾರೆ. ಗ್ಯಾಲರಿಯವರು ಮಾತ್ರ ಒಕ್ಕೊರಲಿನಿಂದ 'ಲೋ ಲೋ ಲೋ' ಅನ್ನುತ್ತಾರೆ. ನಮ್ಮ ಕಿವಿಗೆ ಅದು ಯಾರನ್ನೋ ಗದರಿಸಿ ಕರೆದ ಹಾಗೆ ಕೇಳುತ್ತದೆ. ಪಾಪ, ಅವರದೇನೂ ತಪ್ಪಿಲ್ಲ. ಆ ಗೀತೆಗೆ ಸಾಹಿತ್ಯವೇ ಇಲ್ಲ!

ಅಲ್ಲಿನ ಒಲಿಂಪಿಕ್ ಸಮಿತಿ ಸ್ಪರ್ಧೆ ಇಟ್ಟು ಬರೆಸಿದ ಸಾಹಿತ್ಯ 2008ರಲ್ಲಿ ಹೊರಬಂತು. ಆರಂಭದಲ್ಲೇ 'ವಿವಾ ಎಸ್ಪಾನ್ಯಾ', ಅಂದರೆ ಸ್ಪೇನ್ ಚಿರಾಯುವಾಗಲಿ. ಅಷ್ಟು ಕೇಳಿದ್ದೇ ತಡ, ಹಲವರಿಗೆ ಅಂತರ್ಯುದ್ಧ ಗೆದ್ದು, ಸಾಯುವತನಕ ದೇಶ ಆಳಿದ ಸರ್ವಾಧಿಕಾರಿ ಫ್ರಾಂಕೋ ಎದ್ದು ಕೂತಂತಾಯಿತು. ವಾರ ತುಂಬುವ ಮೊದಲೇ ಹಾಡು ವಾಪಸ್. ಏನು ಬರೆದರೂ ಏನಾದರೊಂದು ನೆನಪಾಗುತ್ತದಲ್ಲ, ಅದೇ ಕಷ್ಟ.

2025ರಲ್ಲಿ ಸರ್ಕಾರ ಸ್ವಾತಂತ್ರ್ಯದ 50 ವರ್ಷ ಆಚರಿಸಿತು. ಲೆಕ್ಕ ಶುರುವಾದದ್ದು ಮುದುಕ ಫ್ರಾಂಕೋ ಆಸ್ಪತ್ರೆಯಲ್ಲಿ ಸತ್ತ ವರ್ಷದಿಂದ. ಚುನಾವಣೆ ನಡೆದದ್ದು 1977ಕ್ಕೆ, ಇರಲಿ ಬಿಡಿ. ಅದೇ ವರ್ಷ ಕ್ಷಮಾದಾನದ ಕಾಯ್ದೆಯೂ ಬಂತು. ಜೈಲಿನಲ್ಲಿ ಕೊಳೆತವನಿಗೂ ಮಾಫಿ, ಅವನನ್ನು ಬಡಿದ ಪೊಲೀಸನಿಗೂ ಮಾಫಿ. ಎಂಥ ಸಮಾನತೆ! ಇದರ ಬೆನ್ನಿಗಿದ್ದ ಮೌನಕ್ಕೆ 'ಮರೆವಿನ ಒಪ್ಪಂದ' ಅಂತ ಹೆಸರು. ಬರೆದಿಟ್ಟ ಕಾಗದವಿಲ್ಲ, ಸಹಿಯಿಲ್ಲ. ಆದರೂ ಇಷ್ಟು ನಿಷ್ಠೆಯಿಂದ ಪಾಲಿಸಿದ ಒಪ್ಪಂದ ಇನ್ನೊಂದಿರಲಾರದು.

ಇನ್ನು ಮ್ಯಾಡ್ರಿಡ್ ಹತ್ತಿರದ ಕಣಿವೆಯಲ್ಲಿ ಫ್ರಾಂಕೋ ಕಟ್ಟಿಸಿದ ಸ್ಮಾರಕ. ಬಂಡೆ ಕೊರೆದು ಮಾಡಿದ ಚರ್ಚು, ನೆತ್ತಿಯ ಮೇಲೆ 150 ಮೀಟರ್ ಶಿಲುಬೆ. ಕಟ್ಟಲು ರಾಜಕೀಯ ಕೈದಿಗಳೂ ದುಡಿದರು. ಒಳಗೆ 33,000ಕ್ಕೂ ಹೆಚ್ಚು ಜನರ ಮೂಳೆ. ಅಂತರ್ಯುದ್ಧದಲ್ಲಿ ಸೋತವರ ಕಡೆಯ ಎಷ್ಟೋ ಹೆಣಗಳನ್ನು ಮನೆಯವರನ್ನು ಒಂದು ಮಾತೂ ಕೇಳದೆ ಗುಂಡಿಗಳಿಂದ ಎತ್ತಿ ತಂದು ತುಂಬಿದ್ದು. ಸಾಮರಸ್ಯವಂತೆ! ಆ ಸಾಮರಸ್ಯದ ನಡುವೆ, ಪೂಜಾಪೀಠದ ಪಕ್ಕದಲ್ಲಿ, ಕೊಲ್ಲಿಸಿದಾತನೇ ಮಲಗಿದ್ದ. ಚಪ್ಪಡಿಯ ಮೇಲೆ ತಾಜಾ ಹೂವು.

ಕೊನೆಗೂ 2019ರ ಅಕ್ಟೋಬರ್ 24ರಂದು ಆತನನ್ನು ಅಲ್ಲಿಂದ ಎಬ್ಬಿಸಿದರು. ಮನೆಮಂದಿ ಹೆಗಲು ಕೊಟ್ಟರು, ಟೀವಿಯವರು ನೇರಪ್ರಸಾರ ಕೊಟ್ಟರು, ಸರ್ಕಾರ ಹೆಲಿಕಾಪ್ಟರ್ ಕೊಟ್ಟಿತು. ಸರ್ವಾಧಿಕಾರಿಯ ಪೆಟ್ಟಿಗೆ ಆಕಾಶಮಾರ್ಗದಲ್ಲಿ ಹೊಸ ಸ್ಮಶಾನಕ್ಕೆ ಹೋಯಿತು.

ಸಾಕು, ಇನ್ನು ನಗಲಾಗುತ್ತಿಲ್ಲ. 2008ರಲ್ಲಿ ನ್ಯಾಯಾಧೀಶ ಬಾಲ್ತಸಾರ್ ಗಾರ್ಸೋನ್ ಆ ಯುದ್ಧದಲ್ಲೂ ಫ್ರಾಂಕೋ ಕಾಲದಲ್ಲೂ ಕಾಣೆಯಾದವರ ಲೆಕ್ಕ ತೆಗೆದಾಗ ಅದು 1,14,000 ದಾಟಿತ್ತು. ಕೇಸು ನಡೆದದ್ದು ಕೊಂದವರ ಮೇಲಲ್ಲ, ಲೆಕ್ಕ ತೆಗೆದ ನ್ಯಾಯಾಧೀಶರ ಮೇಲೆ. ಅದರಲ್ಲಿ ಅವರು ಖುಲಾಸೆಯಾಗುವ ಹೊತ್ತಿಗೆ 2012. ಎಂಬತ್ತು ದಾಟಿದ ಮಗಳೊಬ್ಬಳು ರಸ್ತೆ ಬದಿಯ ಗುಂಡಿ ತೋರಿಸಿ, ಅಪ್ಪನ ಮೂಳೆ ಕೊಡಿ ಎಂದರೆ 'ಹಳೇ ಗಾಯ ಕೆದಕಬೇಡಿ' ಎಂಬ ಬುದ್ಧಿವಾದ. ಆ ಗಾಯ ಮಾದದ್ದು ಯಾವಾಗ ಸ್ವಾಮಿ? ಅಗೆಯಲು ನಾಲ್ಕು ಜನ, ಎರಡು ಗುದ್ದಲಿ ಸಾಕಿತ್ತು. ಆಕೆ ಹೆಲಿಕಾಪ್ಟರೇನೂ ಕೇಳಿರಲಿಲ್ಲವಲ್ಲ.